ಎಂಜಿನ್ನಿನ ಜ್ವರ

1984ರ ಬೇಸಿಗೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಟ್ಟವನ್ನು ಹತ್ತುತ್ತಿದ್ದ ನಮ್ಮ ಬಾಡಿಗೆ ಕಾರು, ಅಲ್ಲಿನ 14 ತಿರುವುಗಳಲ್ಲಿ ಏಳನೆಯದನ್ನು ದಾಟುತ್ತಲೇ ಬುಸುಗುಟ್ಟುತ್ತ ನಿಂತಿತು. ಚಾಲಕ ಬಾನೆಟ್ಟನ್ನೆತ್ತಿದವನೇ ಕೈಗೊಂದು ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದ. ಕುದಿನೀರು ಆಳೆತ್ತರಕ್ಕೆ ಚಿಮ್ಮಿ ಅವನ ಮುಂಗೈಯನ್ನು ಸುಟ್ಟಿತು. ಆ ಗಾಯ ಮಾಯಲು ತಿಂಗಳು ಹಿಡಿಯಿತೆಂದು ಆಮೇಲೆ ಕೇಳಿದೆ.

ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಆದರೆ ರೇಡಿಯೇಟರಿನದು ಬರಿಯ ಮುಚ್ಚಳವಲ್ಲ. ಅದರೊಳಗೆ ಸ್ಪ್ರಿಂಗು ಒತ್ತಿ ಹಿಡಿದ ಕವಾಟವೊಂದಿದೆ. ಚದರ ಅಂಗುಲಕ್ಕೆ 7 ಪೌಂಡು ಒತ್ತಡವನ್ನು ತಡೆಯುವ ಮುಚ್ಚಳವಿದ್ದರೆ ನೀರು ಸುಮಾರು 110 ಡಿಗ್ರಿಯವರೆಗೂ ಕುದಿಯದೆ ಉಳಿಯಬಲ್ಲದು. ಮುಚ್ಚಳ ತೆರೆದೊಡನೆ ಒತ್ತಡ ಕುಸಿದು, ಆ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು. ಮುಟ್ಟಿ ನೋಡಿ ತಣಿದಿದ್ದರೆ ಮಾತ್ರ ತೆರೆಯಬೇಕು.

ಎಂಜಿನ್ನು ಬಿಸಿಯಾಗುವುದು ಸಹಜವೇ. ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಗಾಲಿಗೆ ದಕ್ಕುವುದು ಹೆಚ್ಚುಕಡಿಮೆ ಕಾಲುಭಾಗ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಇನ್ನೊಂದು ಪಾಲನ್ನು ನೀರು ಹೊತ್ತು ರೇಡಿಯೇಟರಿಗೆ ಒಯ್ಯಬೇಕು. ಘಟ್ಟದಲ್ಲಿ ದುಡಿಮೆ ಹೆಚ್ಚು, ವೇಗ ಕಡಿಮೆ, ಎದುರುಗಾಳಿ ದೊರೆಯದು. ಆಗ ಫ್ಯಾನೇ ಗತಿ.

ಆದುದರಿಂದ ಜ್ವರ ಯಾವಾಗ ಬರುತ್ತದೆಂಬುದನ್ನೇ ಮೊದಲು ವಿಚಾರಿಸಬೇಕು. ಪೇಟೆಯ ಸಂದಣಿಯಲ್ಲಿ ಕಾದು, ಹೆದ್ದಾರಿಯಲ್ಲಿ ತಣಿಯುವುದಾದರೆ ಸಂಶಯ ಫ್ಯಾನಿನ ಮೇಲೆ. ವೇಗವಾಗಿ ಓಡುವಾಗಲೇ ಕಾಯುವುದಾದರೆ ರೇಡಿಯೇಟರಿನ ಸಣ್ಣ ನಾಳಗಳು ಕಟ್ಟಿರಬಹುದು. ಹೊರಟ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪಿಗೇರಿ, ಮೇಲಿನ ರಬ್ಬರು ಕೊಳವೆ ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲವೆಂದು ತಿಳಿಯಬಹುದು. ನಮ್ಮ ಸೆಕೆಯ ನಾಡಿಗೆ ಅದು ಬೇಡವೆಂದು ಕಿತ್ತೆಸೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ, ಹದವಾಗಿ ಕಾಯದ ಎಂಜಿನ್ನು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ ಕೂಡ. ಆಯಿಲು ಹಾಲು ಬೆರೆಸಿದಂತಾಗಿದ್ದರೆ, ರೇಡಿಯೇಟರಿನ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರಬೇಕು. ಅದು ಖರ್ಚಿನ ಕಾಯಿಲೆ.

ನಮ್ಮ ನೆರವಿಗೆ ಬಂದ ಮೆಕ್ಯಾನಿಕ್ಕು ಅದನ್ನೇ ಹೇಳಿದ: "ಹೆಡ್ ಬಿಚ್ಚಬೇಕಾದೀತು." ಚಾಲಕನ ಮುಖ ಬಾಡಿತು. ಕಾರು ಸಾಲದ್ದು, ಮುಂಗೈಯ ಉರಿ ಬೇರೆ. ನಾನು ಆಯಿಲಿನ ಕಡ್ಡಿಯನ್ನೆಳೆದು ನೋಡಿದೆ, ಆಯಿಲು ಶುದ್ಧವಾಗಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ. ಆ ಕಾರಿನಲ್ಲಾದರೋ ನೀರಿನ ಪಂಪು, ಫ್ಯಾನು, ಡೈನಮೊ ಮೂರಕ್ಕೂ ಒಂದೇ ಬೆಲ್ಟು. ಅದು ಜಾರಿದರೆ ನೀರು ಸರಿಯಾಗಿ ಹರಿಯದು, ಗಾಳಿ ಬೀಸದು, ಬ್ಯಾಟರಿಯೂ ತುಂಬದು.

"ಕೆಂಪು ದೀಪವೇನಾದರೂ ಉರಿಯುತ್ತಿತ್ತೇನಪ್ಪ?" ಎಂದು ಕೇಳಿದೆ.

"ಹೌದು ಸ್ವಾಮಿ, ಬೆಳಗಿನಿಂದಲೂ. ಬ್ಯಾಟರಿ ಹಳತಾಯಿತು ಅಂತ ಸುಮ್ಮನಿದ್ದೆ."

ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ಬಗ್ಗಬೇಕಾದ ಬೆಲ್ಟು ಎರಡು ಅಂಗುಲ ಬಗ್ಗಿತು. ಮೆಕ್ಯಾನಿಕ್ಕು ಡೈನಮೊದ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಹೊರಕ್ಕೆಳೆದು ಮತ್ತೆ ಬಿಗಿದ. ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರಿಯುವ ಭಯವಿದೆ. ಪೂರ್ತಿ ತಣಿದ ಮೇಲೆಯೇ ನೀರು ಹೊಯ್ದೆವು. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಚಾಲಕ ಪಕ್ಕದ ಸೀಟಿನಲ್ಲಿ ಕುಳಿತ. ಉಳಿದ ಏಳು ತಿರುವುಗಳನ್ನು ನಾನೇ ಹತ್ತಿಸಿದೆ, ಕಣ್ಣು ಆಗಾಗ ಆ ಕೆಂಪು ದೀಪದ ಕಡೆಗೆ ಹೋಗುತ್ತಿತ್ತು.