ಆರೈಕೆ ಮಾಡುವವರಿಗೂ ಬೇಕು ವಿಶ್ರಾಂತಿ

ಪಕ್ಷಾಘಾತಕ್ಕೆ ತುತ್ತಾದ ಪತಿಯನ್ನು ತಾಯಿಯೊಬ್ಬರು ಪ್ರತಿ ತಿಂಗಳೂ ನಮ್ಮ ಚಿಕಿತ್ಸಾಲಯಕ್ಕೆ ಕರೆತರುತ್ತಿದ್ದರು. ನಾವು ಯಜಮಾನರ ನಾಡಿ ನೋಡಿ, ತೈಲ-ಕಷಾಯಗಳನ್ನು ಕೊಟ್ಟು ಕಳುಹಿಸುತ್ತಿದ್ದೆವು. ಒಂದು ದಿನ ಆ ತಾಯಿಯೇ ತಲೆಸುತ್ತಿ ಕುಸಿದರು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಪತಿಯ ಮಗ್ಗುಲು ಬದಲಿಸುವುದು, ಹಗಲು ಊಟ ತಪ್ಪುವುದು, ತಮ್ಮ ರಕ್ತದೊತ್ತಡದ ಮಾತ್ರೆ ಮುಗಿದು ತಿಂಗಳಾಗಿರುವುದು, ಎಲ್ಲವೂ ಆಗ ತಿಳಿಯಿತು. "ಅವರನ್ನು ಬಿಟ್ಟು ನಾನು ಹೇಗೆ ಮಲಗಲಿ ಡಾಕ್ಟರೇ?" ಎಂದರು. ಅಷ್ಟು ತಿಂಗಳಲ್ಲಿ ಒಮ್ಮೆಯೂ "ನೀವು ಹೇಗಿದ್ದೀರಿ ತಾಯಿ?" ಎಂದು ಕೇಳದಿದ್ದುದು ನಮ್ಮ ಲೋಪವೇ ಸರಿ.

ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕನ್ನು ಚರಕ ಸಂಹಿತೆಯು ಚಿಕಿತ್ಸೆಯ ಪಾದಗಳೆಂದು ಕರೆಯುತ್ತದೆ. ಒಂದು ಕಾಲು ಮುರಿದರೆ ಮಂಚ ನಿಂತೀತೆ? ಉಪಚಾರಕರ ವಿಶ್ರಾಂತಿಯೂ ರೋಗಿಯ ಚಿಕಿತ್ಸೆಯ ಭಾಗವೇ. ತಡೆಯಬಾರದ 13 ವೇಗಗಳನ್ನೂ ಅದೇ ಗ್ರಂಥ ಹೆಸರಿಸಿದೆ. ಹಸಿವು, ನೀರಡಿಕೆ, ನಿದ್ರೆ, ಮೂತ್ರ, ಕಣ್ಣೀರು ಅವುಗಳಲ್ಲಿ ಸೇರಿವೆ. ರೋಗಿಯ ಬಳಿ ಇರುವವರು ದಿನವೂ ತಡೆದುಕೊಳ್ಳುವುದು ಇವುಗಳನ್ನೇ.

ರಾತ್ರಿ ನಿದ್ದೆಗೆಟ್ಟವರು ಅದರ ಅರ್ಧದಷ್ಟು ಕಾಲ ಬೆಳಿಗ್ಗೆ ಆಹಾರಕ್ಕೆ ಮುನ್ನ ಮಲಗಬೇಕೆಂಬುದು ವಾಗ್ಭಟರ ಮತ. ಮಧುಮೇಹಕ್ಕೆ ಔಷಧ ಸೇವಿಸುವವರು ಮಾತ್ರ ಆಹಾರದ ವೇಳೆ ತಪ್ಪಿಸಬಾರದು. ಅಷ್ಟು ಸಾಧ್ಯವಾಗದಿದ್ದರೆ, ರೋಗಿ ಮಲಗಿದಾಗ ಪಾತ್ರೆ, ಬಟ್ಟೆಗಳ ಕಡೆಗೆ ಹೋಗದೆ ಅರ್ಧ ಗಂಟೆ ಒರಗಿರಿ. ರೋಗಿಯ ಸ್ವಾಧೀನವಿರುವ ಕೈಗೆ ಎಟಕುವಂತೆ ಒಂದು ಗಂಟೆಯನ್ನಿಟ್ಟರೆ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು. ರಾತ್ರಿ ಮಲಗುವ ಮುನ್ನ ಬೆಚ್ಚನೆಯ ಎಳ್ಳೆಣ್ಣೆಯನ್ನು ಅಂಗಾಲುಗಳಿಗೆ ತಿಕ್ಕಿಕೊಳ್ಳಿ. ಜಾರದಂತೆ ಒರೆಸಿಕೊಂಡೇ ನೆಲಕ್ಕೆ ಕಾಲಿಡಿ.

ನೆರವು ಕೇಳಲು ಸಂಕೋಚ ಬೇಡ. "ಏನಾದರೂ ಬೇಕಾದರೆ ಹೇಳಿ" ಎನ್ನುವ ಬಂಧುಗಳಿಗೆ "ಸಂಜೆ ಐದರಿಂದ ಆರರವರೆಗೆ ಇವರ ಬಳಿ ಕುಳಿತಿರಿ" ಎಂದು ಸ್ಪಷ್ಟವಾಗಿ ಹೇಳಿರಿ. ಆ ಒಂದು ಗಂಟೆ ನಿಮ್ಮದಾಗಿರಲಿ. ಎದೆನೋವು, ಪದೇ ಪದೇ ತಲೆಸುತ್ತು, ವಾರಗಟ್ಟಲೆ ನಿದ್ರಾಹೀನತೆ ಅಥವಾ ಬದುಕೇ ಬೇಡವೆಂಬ ಭಾವನೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಆ ತಾಯಿ ಈಗ ಸಂಜೆಯ ಹೊತ್ತು ನಾದಿನಿಯನ್ನು ಪತಿಯ ಬಳಿ ಕೂರಿಸಿ ಮಲಗುತ್ತಾರೆ. ಅವರು ಬಂದಾಗ ನಾವು ಮೊದಲು ನೋಡುವುದು ಅವರ ನಾಡಿಯನ್ನು, ಯಜಮಾನರದು ಆಮೇಲೆ. "ಮೊದಲು ಅವಳದ್ದೇ ನೋಡಿ" ಎಂದು ಯಜಮಾನರೇ ತೊದಲುತ್ತಾ ಹೇಳುತ್ತಾರೆ.