ಮೇಷ್ಟ್ರ ಡಬ್ಬಿಯ ಮೂರು ತಾಮ್ರದ ಕಾಸು

ಶಾಸನದ ಪಡಿಯಚ್ಚು ತೆಗೆಯಲು ಹಳ್ಳಿಗೆ ಹೋದಾಗ ಕಲ್ಲಿನ ಕೆಲಸ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ಮನೆಯೊಳಗಿಂದ ಒಂದು ಡಬ್ಬಿ ತರುವುದು ವಾಡಿಕೆ. "ಇದನ್ನೂ ಒಂಚೂರು ನೋಡಿ ಸಾರ್." ಹೋದ ತಿಂಗಳು ಮಂಡ್ಯ ಕಡೆ ಹೀಗೆ ಡಬ್ಬಿ ತಂದವರು ನಮಗೆ ಕಲ್ಲು ತೋರಿಸಿದ ನಿವೃತ್ತ ಮೇಷ್ಟ್ರು. ಒಳಗೆ ಮೂರು ತಾಮ್ರದ ನಾಣ್ಯ. ಅವುಗಳಲ್ಲಿ ಒಂದಕ್ಕೆ ಲಕ್ಷಗಟ್ಟಲೆ ಬೆಲೆ ಇದೆ ಅಂತ ಫೋನಿನಲ್ಲಿ ಯಾರೋ ಹೇಳಿದ್ದರಂತೆ. ಮೊದಲು ಐದು ಸಾವಿರ "ನೋಂದಣಿ ಶುಲ್ಕ" ಕಟ್ಟಬೇಕು, ನಾಳೆಯೇ ಕೊನೇ ದಿನ. ಮೇಷ್ಟ್ರು ದುಡ್ಡು ಹೊಂದಿಸಿಟ್ಟಿದ್ದರು.

ಆ ಲಕ್ಷದ ನಾಣ್ಯ ಯಾವುದು ಅಂತ ನೀವು ಊಹಿಸಿರಬಹುದು. ಒಂದು ಬದಿಯಲ್ಲಿ ರಾಮಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818. ಇಂಥದ್ದನ್ನು ತಳ್ಳಿಹಾಕುವಾಗ ನಮ್ಮಲ್ಲಿ ಕೆಲವರು "ಇಂಗ್ಲಿಷರು ನಮ್ಮ ದೇವರನ್ನು ಅಚ್ಚು ಹಾಕಿಸ್ತಾರಾ?" ಎಂದು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ. ಕಂಪನಿಯ ಮದರಾಸಿನ ವರಹಗಳ ಮೇಲೆ ವಿಷ್ಣು ಇದ್ದಾನೆ. ತಪ್ಪು ಇರುವುದು ಬೇರೆ ಕಡೆ. ಇಡೀ ಕಂಪನಿ ಆಡಳಿತಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ. ಆಗಲೂ ತಾಮ್ರದಲ್ಲಿ ಹೊರಟದ್ದು ಅರ್ಧ ಆಣೆ, ಕಾಲಾಣೆ ಮತ್ತು ಆಣೆಯ ಹನ್ನೆರಡನೇ ಒಂದು ಭಾಗ. ಅದರಲ್ಲಿ ಒಂದಾಣೆ ಇಲ್ಲವೇ ಇಲ್ಲ. ಸಾಲದ್ದಕ್ಕೆ ಈ ಬಿಲ್ಲೆಗಳ ಮೇಲಿರುವ "ಯು ಕೆ ಎಲ್" ಅಕ್ಷರಗಳಿಗೂ ಕಂಪನಿಗೂ ಸಂಬಂಧವಿಲ್ಲ. ಪೂಜೆಗೆ ಇಟ್ಟುಕೊಳ್ಳುವ ಬಿಲ್ಲೆ, ಅಷ್ಟೇ. ಇನ್ನು ಶುಲ್ಕ ಕೇಳುವ ಕರೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಮೇಷ್ಟ್ರ ಮುಖ ಸಪ್ಪಗಾಯಿತು. ಆದರೆ ಡಬ್ಬಿಯ ತಳದಲ್ಲಿ ಕಪ್ಪಾಗಿ ಬಿದ್ದಿದ್ದ ಇನ್ನೊಂದು ನಾಣ್ಯ ನನ್ನ ಕಣ್ಣು ಹಿಡಿದಿತ್ತು: ಆನೆಯ ಪೈಸೆ, ಟಿಪ್ಪುವಿನದು.

ತಾಮ್ರದ ನಾಣ್ಯ ಕೈಗೆ ಬಂದರೆ ನಾನು ಚಿತ್ರ ನೋಡುವುದಕ್ಕೆ ಮೊದಲು ಅಂಚು ನೋಡುತ್ತೇನೆ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪೆಟ್ಟಿಗೆ ಲೋಹ ಹೊರಕ್ಕೆ ಹರಿಯುತ್ತದೆ, ಅಂಚು ಅಲ್ಲಲ್ಲಿ ಬಿರಿಯುತ್ತದೆ, ಚಿತ್ರ ಒಂದು ಕಡೆಗೆ ಸರಿದು ಕೂರುತ್ತದೆ. ನಕಲಿಗಳಲ್ಲಿ ಬಹಳಷ್ಟು ಎರಕದವು. ಅಸಲಿ ನಾಣ್ಯವೊಂದರಿಂದ ಅಚ್ಚು ತೆಗೆದು ಕರಗಿದ ಲೋಹ ಸುರಿಯುತ್ತಾರೆ. ಎರಡು ಅರ್ಧ ಕೂಡುವಲ್ಲಿ ಅಂಚಿನ ಸುತ್ತ ಸಣ್ಣ ಗೆರೆ ಉಳಿಯುತ್ತದೆ, ಅದನ್ನು ಅರದಿಂದ ಉಜ್ಜಿದರೆ ಉಜ್ಜಿದ ಗುರುತು ಉಳಿಯುತ್ತದೆ. ಮಸೂರದಲ್ಲಿ ನೋಡಿದರೆ ಮೈಮೇಲೆ ಗಾಳಿಗುಳ್ಳೆಯ ಗುಂಡು ಗುಳಿಗಳು, ಅಕ್ಷರಗಳು ಬಳಸಿ ಕರಗಿದ ಸೋಪಿನ ಹಾಗೆ. ಒಂದೇ ಜಾಗದಲ್ಲಿ ಒಂದೇ ಗುಳಿ ಇರುವ ಎರಡು ನಾಣ್ಯ ಕಂಡರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಆಮೇಲೆ ತೂಕ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ, ಅರ್ಧ ಪೈಸೆ ಅದರ ಅರ್ಧ. ನೀರಿನಲ್ಲಿ ತೂಗಿ ಸಾಂದ್ರತೆ ನೋಡಿ ಅಂತ ಅನೇಕರು ಸಲಹೆ ಕೊಡುತ್ತಾರೆ. ನೋಡಬಹುದು, ಆದರೆ ಅದರ ಮಿತಿ ತಿಳಿದಿರಲಿ. 11.2 ಗ್ರಾಂ ಶುದ್ಧ ತಾಮ್ರ ನೀರಿನಲ್ಲಿ ಸುಮಾರು 1.25 ಗ್ರಾಂ ಕಳೆದುಕೊಳ್ಳುತ್ತದೆ, ಹಿತ್ತಾಳೆ ಸುಮಾರು 1.32. ಈ ವ್ಯತ್ಯಾಸ ಅಡುಗೆಮನೆಯ ತಕ್ಕಡಿಗೆ ಸಿಗುವುದಿಲ್ಲ, ಅಕ್ಕಸಾಲಿಗರ ತಕ್ಕಡಿ ಬೇಕು. ಸತುವಿನದಾದರೆ 1.58ರ ಹತ್ತಿರ ಹೋಗುತ್ತದೆ, ಅದು ಬೇಗ ಗೊತ್ತಾಗುತ್ತದೆ.

ಮೇಷ್ಟ್ರ ಪೈಸೆ ಈ ಎರಡರಲ್ಲೂ ಗೆದ್ದಿತು. ಕಿಲುಬು ಕೂಡ ಲೋಹಕ್ಕೆ ಕಚ್ಚಿಕೊಂಡ ಗಟ್ಟಿ ಕಿಲುಬು, ಉಗುರಿಗೆ ಏಳಲಿಲ್ಲ. ಆನೆಯ ತಲೆ, ಹೆಗಲು ಸವೆದು ನುಣುಪಾಗಿದ್ದವು, ಅಂದರೆ ಕೈಯಿಂದ ಕೈಗೆ ಓಡಾಡಿದ ನಾಣ್ಯ. ಇಲ್ಲೊಂದು ಮಾತು. ಸವಕಲಿಗೂ ದುರ್ಬಲ ಪೆಟ್ಟಿಗೂ ವ್ಯತ್ಯಾಸವಿದೆ. ಸವೆದ ನಾಣ್ಯದಲ್ಲಿ ಉಬ್ಬಿದ ಭಾಗ ಮೊದಲು ಹೋಗುತ್ತದೆ. ಪೆಟ್ಟು ಸರಿಯಾಗಿ ಬೀಳದ ನಾಣ್ಯದಲ್ಲಿ ಒಂದು ಬದಿ ಮಸುಕು, ಪಕ್ಕದಲ್ಲೇ ಇನ್ನೊಂದು ಬದಿ ಚೂಪು. ಎರಡನೆಯದನ್ನು "ಸವಕಲು" ಎಂದು ಕೆಳದರ್ಜೆಗೆ ತಳ್ಳುವುದು ಅನ್ಯಾಯ. ಇಂದು ಎಲ್ಲರೂ ಹೇಳುವ 1ರಿಂದ 70ರ ದರ್ಜೆ ಪಟ್ಟಿಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಮಾಡಿದ್ದು ಅಮೆರಿಕದ ದೊಡ್ಡ ತಾಮ್ರದ ಸೆಂಟುಗಳಿಗಾಗಿ. ನಮ್ಮ ಸುತ್ತಿಗೆ ನಾಣ್ಯಗಳಿಗೆ ಅದನ್ನು ಹಾಗೇ ಹಚ್ಚಿದರೆ ಪಟ್ಟಣದ ಟಂಕಸಾಲೆಯ ಕೆಲಸಗಾರನಿಗೆ ನಾವು ಅರ್ಥವಾಗುವುದಿಲ್ಲ!

ಕೊನೆಗೆ ಬರಹ, ಅಂದರೆ ನಮ್ಮ ಕ್ಷೇತ್ರ. ಟಿಪ್ಪು 1787ರಿಂದ ಮೌಲೂದಿ ಶಕೆ ಬಳಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಮೇಷ್ಟ್ರ ಪೈಸೆಯಲ್ಲಿ ಪಟ್ಟಣದ ಹೆಸರು ಓದಬಹುದಿತ್ತು, ವರ್ಷ 1223 ಎಂದು ಕಾಣುತ್ತಿತ್ತು. ಎಲ್ಲವೂ ಮಸುಕು, ಆ ಕೊನೆಯ ಅಂಕಿ ಮಾತ್ರ ಥಳಥಳ. ಪಾರಸಿ ಅಂಕಿಗಳಲ್ಲಿ ಎರಡಕ್ಕೂ ಮೂರಕ್ಕೂ ಇರುವ ಅಂತರ ಒಂದೇ ಒಂದು ಹಲ್ಲು. ಬೆಳಕನ್ನು ಓರೆಯಾಗಿ ಹಿಡಿದಾಗ ಅಂಕಿಯ ಸುತ್ತ ಕಿಲುಬು ಹೋಗಿ ತಾಮ್ರ ಕೆಂಪಗೆ ಕಂಡಿತು. ಯಾರೋ ಸೂಜಿಯಿಂದ ಕೆರೆದಿದ್ದಾರೆ. ಶಾಸನದ ಅಕ್ಷರಕ್ಕೆ ಊರಿನವರು ಬಣ್ಣ ತುಂಬಿ ತಮಗೆ ತಿಳಿದ ಹಾಗೆ ತಿದ್ದುತ್ತಾರಲ್ಲ, ಹಾಗೆ. ನಾಣ್ಯ ಅಸಲಿ, ವರ್ಷ ಅಸಲಿಯೋ ಅಲ್ಲವೋ ಹೇಳಲಾಗದು. ನನ್ನ ಟಿಪ್ಪಣಿಯಲ್ಲಿ "122?" ಎಂದೇ ಬರೆದುಕೊಂಡೆ. "ಮೂರು ಅಂತಲೇ ಹಾಕಿ ಸಾರ್, ಕಾಣ್ತಾ ಇದೆಯಲ್ಲ" ಎಂದರು ಮೇಷ್ಟ್ರು. ಹಾಕಲಿಲ್ಲ.

ಮೂರನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು. ಸಿಂಹ, ಶ್ರೀ ಚಾಮುಂಡಿ, ಹಿಂಬದಿಯಲ್ಲಿ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಲಿಪಿ. ಅದರ ಮೇಲೆ ಅಲ್ಲಲ್ಲಿ ಬೂದಿಯಂಥ ತಿಳಿಹಸಿರು ಪುಡಿ, ಮುಟ್ಟಿದರೆ ಉದುರುತ್ತಿತ್ತು. ಇದು ಗಟ್ಟಿ ಕಿಲುಬಲ್ಲ, ಕ್ಲೋರೈಡಿನಿಂದ ಬರುವ ರೋಗ. ತೇವ ಸಿಕ್ಕರೆ ಒಳಗೊಳಗೇ ತಿನ್ನುತ್ತದೆ. ಮೇಷ್ಟ್ರ ಹೆಂಡತಿ ಆಗಲೇ ಹುಣಸೆಹಣ್ಣು ನೆನೆಸಿದ್ದರು, ದೀಪದ ಕಂಬದ ಜೊತೆ ಇದನ್ನೂ ಬೆಳಗಲು. "ಬೇಡಮ್ಮ" ಎಂದು ನಾನು ಅಂದ ಜೋರಿಗೆ ಅವರು ಗಾಬರಿಯಾದರು. ಕಾಲೇಜಿನ ದಿನಗಳಲ್ಲಿ ಇಂಥದೇ ಒಂದು ಕಾಸನ್ನು ನಾನು ಹುಣಸೆಹಣ್ಣಿನಲ್ಲಿ ಉಜ್ಜಿದ್ದೆ. ಗುಲಾಬಿ ಬಣ್ಣಕ್ಕೆ ಬಂತು, "ಶ್ರೀ" ಹೋಯಿತು. ಇವತ್ತೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಆ ಕಾಸನ್ನು ಒಣ ಕಾಗದದಲ್ಲಿ ಸುತ್ತಿ ಬೇರೆ ಡಬ್ಬಿಗೆ ಹಾಕಿಸಿದೆ. ಹೊರಡುವಾಗ ಮೇಷ್ಟ್ರ ಫೋನು ಹೊಡೆದುಕೊಂಡಿತು. ನಂಬರು ನೋಡಿ, ಮಾತಾಡದೆ ಜೇಬಿಗೆ ಹಾಕಿಕೊಂಡರು. ರಾಮಪಟ್ಟಾಭಿಷೇಕದ ಬಿಲ್ಲೆಯನ್ನು ಒಳಗೆ ಒಯ್ದು ದೇವರ ಮುಂದೆ ಇಟ್ಟು ಬಂದರು.