ಲಾಗ ಹಾಕುವ ವಿಮಾನಕ್ಕೆ ಯಾವ ಪಂಖ ಲೇಸು?

ನಮ್ಮ ತಲೆಯ ಮೇಲೆ ತಿರುಗುವ ಪಂಖಕ್ಕೆ ಒಂದೇ ಕೆಲಸ. ಕಾರ್ಖಾನೆಯಲ್ಲಿ ಅದರ ಅಲಗುಗಳನ್ನು ಯಾವ ಓರೆಗೆ ತಿರುಚಿದರೋ ಆ ಓರೆಯಲ್ಲಿಯೇ ಅದರ ಆಯುಷ್ಯವೆಲ್ಲ ಕಳೆಯುವುದು. ಆಕಾಶದಲ್ಲಿ ಲಾಗ ಹಾಕುವ ವಿಮಾನದ ಮೂತಿಯಲ್ಲಿರುವ ಪಂಖಕ್ಕೆ, ಅಂದರೆ ಪ್ರೊಪೆಲ್ಲರಿಗೆ, ಅಂಥ ನೆಮ್ಮದಿಯಿಲ್ಲ. ಈಗ ವಿಮಾನವನ್ನು ನೆಟ್ಟಗೆ ಮೇಲಕ್ಕೆಳೆಯಬೇಕು. ವೇಗವು ಸೊನ್ನೆಗಿಳಿಯುವಾಗಲೂ ಎಳೆತ ಬಿಡಬಾರದು. ಮರುಕ್ಷಣ ಕೆಳಕ್ಕೆ ಧುಮುಕುವಾಗ ಅದೇ ಪಂಖವು ಲಗಾಮಿನಂತೆ ಹಿಡಿಯಬೇಕು. ಆದುದರಿಂದ ಎರಡು ಪ್ರೊಪೆಲ್ಲರುಗಳನ್ನು ಹೋಲಿಸುವವರು ಗಂಟೆಗೆ ಎಷ್ಟು ಮೈಲು ಎಂದಷ್ಟೇ ಕೇಳಿದರೆ ಸಾಲದು.

ಅಮೆರಿಕದ ಕರ್ಟಿಸ್ ಪಿಟ್ಸ್ ಅವರು ರಚಿಸಿದ ‘ಪಿಟ್ಸ್ ಸ್ಪೆಷಲ್’ ಎಂಬ ಪುಟ್ಟ ಜೋಡಿರೆಕ್ಕೆಯ ವಿಮಾನವು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಎಸ್-1ಎಸ್ ಮಾದರಿಗೆ 180 ಅಶ್ವಶಕ್ತಿಯ ಎಂಜಿನು, ಓರೆ ಬದಲಾಗದ ಪ್ರೊಪೆಲ್ಲರು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನದ ಪ್ರೊಪೆಲ್ಲರೂ ಇದೇ ಜಾತಿಯದು. ಹಗುರ, ಅಗ್ಗ, ಕೆಡುವ ಭಾಗಗಳು ಕಡಿಮೆ. 1972ರಲ್ಲಿ ಫ್ರಾನ್ಸಿನಲ್ಲಿ ನಡೆದ ವಿಶ್ವ ಸ್ಪರ್ಧೆಯನ್ನು ಚಾರ್ಲಿ ಹಿಲ್ಲರ್ಡ್ ಗೆದ್ದುದು ಎಸ್-1ಎಸ್ ವಿಮಾನದಲ್ಲಿಯೇ. ಇದನ್ನು ಕೀಳೆಂದು ತಳ್ಳಿಹಾಕುವಂತಿಲ್ಲ.

ಇದರ ಕಷ್ಟವು ಧುಮುಕುವಾಗ ತಿಳಿಯುವುದು. ಎದುರು ಗಾಳಿಯೇ ಪಂಖವನ್ನು ತಿರುಗಿಸತೊಡಗಿ, ನಿಮಿಷಕ್ಕೆ 2700 ಸುತ್ತಿನ ಮಿತಿಯ ಎಂಜಿನು ಆ ಎಲ್ಲೆಯನ್ನು ದಾಟಿಬಿಡುವುದು. 6 ಅಡಿ 4 ಅಂಗುಲ ವ್ಯಾಸದ ಪ್ರೊಪೆಲ್ಲರಿನ ತುದಿಯು 2700 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 273 ಮೀಟರು ಓಡುವುದು. 3300 ಸುತ್ತಿಗೇರಿದರೆ 334 ಮೀಟರು, ಅಂದರೆ ಹೆಚ್ಚುಕಡಿಮೆ ಶಬ್ದದ ವೇಗ. ಆಗ ಗದ್ದಲ ಹೆಚ್ಚುವುದಲ್ಲದೆ ಎಳೆತವು ಕುಗ್ಗುವುದು. ಪೈಲಟನು ಲಾಗದ ನಡುವೆ ಥ್ರಾಟಲಿನ ಮೇಲೂ ಕಣ್ಣಿಟ್ಟಿರಬೇಕು.

ಮುಂದೆ ಬಂದ ಎಸ್-1ಟಿ ಮಾದರಿಗೆ 200 ಅಶ್ವಶಕ್ತಿಯ ಎಂಜಿನಿನೊಡನೆ ಓರೆ ಬದಲಿಸಿಕೊಳ್ಳುವ ಪ್ರೊಪೆಲ್ಲರನ್ನು ಕೂಡಿಸಿದರು. ಎಂಜಿನಿನ ಎಣ್ಣೆಯ ಒತ್ತಡದಿಂದ ಗವರ್ನರ್ ಎಂಬ ಯಂತ್ರವು ಅಲಗುಗಳನ್ನು ಹೊರಳಿಸಿ, ಏರಿಕೆಯಲ್ಲಾಗಲಿ ಇಳಿಕೆಯಲ್ಲಾಗಲಿ ಸುತ್ತುಗಳ ಸಂಖ್ಯೆಯನ್ನು ಒಂದೇ ಸಮನೆ ಕಾಯುವುದು. ಮೂತಿಯ ಭಾರ ಮಾತ್ರ ಹೆಚ್ಚು.

ಆದರೆ ಎಣ್ಣೆಯ ಒತ್ತಡ ತಪ್ಪಿದರೆ? ಸಾಧಾರಣ ಒಂಟಿ ಎಂಜಿನಿನ ವಿಮಾನಗಳಲ್ಲಿ ಅಲಗುಗಳು ಆಗ ಕಡಿಮೆ ಓರೆಗೆ ಬರುವುವು. ಹೇಗೋ ಎಳೆತ ಉಳಿಯಲಿ ಎಂಬುದು ಉದ್ದೇಶ. ಮೇಲು ಕೆಳಗಾಗುವ ವಿಮಾನದಲ್ಲಿ ಎಣ್ಣೆಯು ಕ್ಷಣಕಾಲ ಪಂಪಿಗೆ ಸಿಕ್ಕದಿರುವುದು ಸಾಮಾನ್ಯ. ಧುಮುಕುವ ವೇಳೆಯಲ್ಲಿ ಅಲಗುಗಳು ಹಾಗೆ ಸಡಿಲಿದರೆ ಎಂಜಿನು ಹುಚ್ಚೆದ್ದು ತಿರುಗಿ ಒಡೆದೀತು. ಅದಕ್ಕಾಗಿ ಇಲ್ಲಿ ಏರ್ಪಾಡು ತಿರುವುಮುರುವು: ಎಣ್ಣೆ ತಪ್ಪಿದೊಡನೆ ಅಲಗುಗಳ ಬುಡದಲ್ಲಿ ಕಟ್ಟಿದ ತೂಕಗಳು ಅವನ್ನು ಹೆಚ್ಚಿನ ಓರೆಗೆ ಸೆಳೆಯುವುವು, ಸುತ್ತು ಕುಗ್ಗುವುದು, ಎಂಜಿನು ಉಳಿಯುವುದು. ಪ್ರೊಪೆಲ್ಲರು ಕೊಳ್ಳುವವರು ವೇಗಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿ ಇದೆಂಬುದು ನಮ್ಮ ಅಭಿಮತ.

ಭಾರದ ಮಾತೂ ಚಿಕ್ಕದಲ್ಲ. ತಿರುಗುವ ಬುಗುರಿಯನ್ನು ಬೆರಳಿನಿಂದ ನೂಕಿದರೆ ಅದು ನೂಕಿದತ್ತ ವಾಲದೆ ಪಕ್ಕಕ್ಕೆ ಹೊರಳುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡಿದ್ದೇವೆ. ಪ್ರೊಪೆಲ್ಲರೂ ಒಂದು ಬುಗುರಿಯೇ. 1960ರ ಪ್ರಥಮ ವಿಶ್ವಚಾಂಪಿಯನ್, ಚೆಕೊಸ್ಲೊವಾಕಿಯದ ಲಾಡಿಸ್ಲಾವ್ ಬೆಜಾಕ್ ಅವರು ಪ್ರಸಿದ್ಧಿಗೆ ತಂದ ‘ಲೊಮ್ಚೊವಾಕ್’ ಎಂಬ ಉರುಳಾಟದಲ್ಲಿ ವಿಮಾನವು ಮೂತಿ ಬಾಲಗಳ ಪರಿವೆಯಿಲ್ಲದೆ ಹೊರಳುವಾಗ, ಈ ಬುಗುರಿಯ ಹಟವೆಲ್ಲ ಕ್ರ್ಯಾಂಕ್‌ಶಾಫ್ಟನ್ನು ಬಗ್ಗಿಸಲೆಳಸುವುದು. ಲೋಹದ ಅಲಗು ಭಾರವಾದಷ್ಟೂ ಅಪಾಯ ಹೆಚ್ಚು. ಜರ್ಮನಿಯ ಎಂ.ಟಿ. ಕಂಪನಿಯವರು ಮರದ ತಿರುಳಿಗೆ ಗಾಜಿನ ನಾರಿನ ಹೊದಿಕೆಯಿಟ್ಟು, ಮುಂದಿನ ಅಂಚಿಗೆ ಲೋಹ ತೊಡಿಸಿದ ಅಲಗುಗಳನ್ನು ಮಾಡುವುದು ಇದರಿಂದಲೇ ಉಪಯುಕ್ತವಾಯಿತು. 1988ರಲ್ಲಿ ಮೊದಲು ಹಾರಿದ 300 ಅಶ್ವಶಕ್ತಿಯ ಎಕ್ಸ್‌ಟ್ರಾ 300 ವಿಮಾನಕ್ಕೆ ಈ ಬಗೆಯ ಮೂರಲಗಿನ ಪ್ರೊಪೆಲ್ಲರು ಸಲ್ಲುತ್ತದೆ. ಮರವೆಂದೊಡನೆ ಹಳೆಯ ಕಾಲದ ಸರಕೆಂದು ಮೂಗು ಮುರಿಯುವವರು ಗಮನಿಸಬೇಕು.

ಇನ್ನು ಪರೀಕ್ಷೆ. ನಿಂತ ವಿಮಾನವನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆತ ಅಳೆಯುವುದುಂಟು. ಆದರೆ ಓರೆ ಹೆಚ್ಚಾದ ಅಲಗು ನಿಂತಲ್ಲಿ ಗಾಳಿಯನ್ನು ಸರಿಯಾಗಿ ಹಿಡಿಯದು, ಹಾರಾಟದಲ್ಲಿ ಹಿಡಿಯುವುದು. ಒಂದೇ ವಿಮಾನ, ಒಂದೇ ತೂಕ, ಒಂದೇ ದಿನದ ಹವೆ. ಒಂದೇ ಎತ್ತರದಿಂದ, ಒಂದೇ ವೇಗದಿಂದ ನೆಟ್ಟಗೆ ಏರಿಸಿ, ಎಷ್ಟು ಅಡಿ ದಕ್ಕಿತೆಂದು ಬರೆದಿಟ್ಟುಕೊಳ್ಳಬೇಕು. ಬೆಳಗಿನ ತಂಪಿನಲ್ಲಿ ಒಂದನ್ನೂ ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದನ್ನೂ ಹಾರಿಸಿ ಕೊಡುವ ಲೆಕ್ಕವನ್ನು ನಾವಂತೂ ಒಪ್ಪಲಾರೆವು; ಬಿಸಿಗಾಳಿ ತೆಳುವಾಗಿ, ಎಂಜಿನು ಪಂಖಗಳೆರಡೂ ಸೊರಗಿರುತ್ತವೆ.